2011-12ರ ಲೀಗ್ 1: ಮಾಂಪೆಲಿಯೆ ಗೆದ್ದಿತೋ, ಪಿಎಸ್‌ಜಿ ಕೈಚೆಲ್ಲಿತೋ?

ಮಧ್ಯರಾತ್ರಿ_ಪಂದ್ಯ (ಚರ್ಚೆ ಶುರು ಮಾಡಿದವರು)

ಫ್ರೆಂಚ್ ಫುಟ್‌ಬಾಲ್ ಲೀಗ್ ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ. "ಪ್ರತಿ ವರ್ಷ ಪಿಎಸ್‌ಜಿ (ಪ್ಯಾರಿಸ್ ಸಾಂ-ಜರ್ಮೆ) ಗೆಲ್ಲುತ್ತೆ, ನೋಡೋದಕ್ಕೆ ಏನಿದೆ?" ಅದಕ್ಕೇ 2011-12ರ ಬಗ್ಗೆ ಒಂದು ಚರ್ಚೆ ಆಗಲಿ ಅಂತ ಬರೆಯುತ್ತಿದ್ದೇನೆ. ಕತಾರ್ ಹಣ ಪ್ಯಾರಿಸ್‌ಗೆ ಬಂದ ಮೊದಲ ಸೀಸನ್ ಅದು. ಆ ವರ್ಷ ಲೀಗ್ ಗೆದ್ದಿದ್ದು ಪಿಎಸ್‌ಜಿ ಅಲ್ಲ, ಮಾಂಪೆಲಿಯೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 2011ರ ಬೇಸಿಗೆಯಲ್ಲಿ ಕತಾರ್ ಸ್ಪೋರ್ಟ್ಸ್ ಇನ್ವೆಸ್ಟ್‌ಮೆಂಟ್ಸ್ ಪಿಎಸ್‌ಜಿಯನ್ನು ಕೊಂಡಿತು. ಲಿಯೊನಾರ್ಡೊ ಕ್ರೀಡಾ ನಿರ್ದೇಶಕರಾಗಿ ಬಂದರು. ಪಲೆರ್ಮೊದಿಂದ ಹಾವಿಯೆರ್ ಪಾಸ್ತೋರೆಯನ್ನು ಸುಮಾರು 4.2 ಕೋಟಿ ಯೂರೊ ಕೊಟ್ಟು ತಂದರು. ಆಗ ಫ್ರಾನ್ಸ್‌ನಲ್ಲಿ ಯಾವ ಆಟಗಾರನಿಗೂ ಅಷ್ಟು ದುಡ್ಡು ಕೊಟ್ಟಿರಲಿಲ್ಲ. ಮಟ್ವೀಡಿ, ಮೆನೆಜ್, ಗಮೇರೊ, ಗೋಲ್‌ಕೀಪರ್ ಸಿರಿಗು, ಲುಗಾನೊ ಎಲ್ಲರೂ ಒಂದೇ ಬೇಸಿಗೆಯಲ್ಲಿ ಬಂದವರು.

ಮಾಂಪೆಲಿಯೆ ಹಿಂದಿನ ಸೀಸನ್‌ನಲ್ಲಿ 14ನೇ ಸ್ಥಾನದಲ್ಲಿತ್ತು. ಎರಡನೇ ಡಿವಿಷನ್‌ನಿಂದ ಮೇಲೆ ಬಂದಿದ್ದೇ 2009ರಲ್ಲಿ. ಅವರ ಮುಖ್ಯ ಸ್ಟ್ರೈಕರ್ ಒಲಿವಿಯೆ ಜಿರೂ ತೂರ್ ಅನ್ನುವ ಎರಡನೇ ಡಿವಿಷನ್ ಕ್ಲಬ್‌ನಿಂದ 2010ರಲ್ಲಿ ಸುಮಾರು 20 ಲಕ್ಷ ಯೂರೊಗೆ ಬಂದವರು. ಪಾಸ್ತೋರೆಗೆ ಕೊಟ್ಟ ದುಡ್ಡಿನಲ್ಲಿ ಅಂಥ 20 ಜಿರೂಗಳನ್ನು ಕೊಳ್ಳಬಹುದಿತ್ತು.

ಕೊನೆಗೆ ಅಂಕಪಟ್ಟಿ ಹೀಗಿತ್ತು: ಮಾಂಪೆಲಿಯೆ 82, ಪಿಎಸ್‌ಜಿ 79, ಲೀಲ್ 74. ನಾಲ್ಕನೆಯ ಲಿಯೋನ್ 64. ಅಂದರೆ ಮೂರು ತಂಡಗಳದ್ದೇ ಒಂದು ಬೇರೆ ಲೀಗ್.

ಇದನ್ನು ಕೆಲವರು ಪವಾಡ ಅಂತಾರೆ. ಇನ್ನು ಕೆಲವರು ಪಿಎಸ್‌ಜಿ ಡಿಸೆಂಬರ್‌ನಲ್ಲಿ ಕೋಚ್ ಬದಲಿಸಿ ಕೈಯಾರೆ ಕಳೆದುಕೊಂಡಿತು ಅಂತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಮಾಂಪೆಲಿಯೆ ಆ ಪ್ರಶಸ್ತಿಯನ್ನು ದುಡಿದು ಗೆದ್ದಿತು. ನಿಮ್ಮ ಅಭಿಪ್ರಾಯ ಏನು?

ಪಾರ್ಕ್_ದೆ_ಪ್ರಾನ್ಸ್

ನಾನು ಪಿಎಸ್‌ಜಿ ಕಡೆಯವನು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ವಾದ ಕೇಳಿ.

ಚಳಿಗಾಲದ ವಿರಾಮಕ್ಕೆ ಹೋಗುವಾಗ ಮೊದಲ ಸ್ಥಾನದಲ್ಲಿದ್ದಿದ್ದು ಪಿಎಸ್‌ಜಿ. ಮಾಂಪೆಲಿಯೆಗಿಂತ 3 ಅಂಕ ಮುಂದೆ. ಕೋಚ್ ಆಂತ್ವಾನ್ ಕೊಂಬುವಾರೆ. ಅವರು ಹಿಂದೆ ಇದೇ ಕ್ಲಬ್‌ಗೆ ಆಡಿದವರು, 1993ರಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ತಲೆಯಿಂದ ಗೋಲು ಹೊಡೆದು ಪ್ಯಾರಿಸ್ ಜನರ ಮನಸ್ಸಿನಲ್ಲಿ ಉಳಿದವರು. ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ಕೋಚ್‌ನನ್ನು ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ಕಳಿಸಿದರು. ಕಾರ್ಲೊ ಆಂಚೆಲೊಟ್ಟಿ ಬಂದರು. ಜನವರಿಯಲ್ಲಿ ತಿಯಾಗೊ ಮೊಟ್ಟಾ, ಮ್ಯಾಕ್ಸ್‌ವೆಲ್, ಅಲೆಕ್ಸ್ ಬಂದರು. ಒಂದೇ ಸೀಸನ್‌ನಲ್ಲಿ ಎರಡು ಸಲ ತಂಡ ಕಟ್ಟಿದ ಹಾಗಾಯಿತು. ಡ್ರೆಸ್ಸಿಂಗ್ ರೂಮ್‌ನಲ್ಲಿ ಹೊಂದಾಣಿಕೆ ಬೆಳೆಯುವುದಕ್ಕೆ ಟೈಮ್ ಬೇಡವಾ?

ಕೊಂಬುವಾರೆಯನ್ನು ಬಿಟ್ಟಿದ್ದರೆ ಪಿಎಸ್‌ಜಿ ಗೆಲ್ಲುತ್ತಿತ್ತು ಅನ್ನುವುದು ನನ್ನ ನಂಬಿಕೆ. ಅವರಿಗಾದ ಅನ್ಯಾಯ ಇವತ್ತಿಗೂ ನನ್ನನ್ನು ಕಾಡುತ್ತದೆ.

ಮಧ್ಯರಾತ್ರಿ_ಪಂದ್ಯ

ಕೊಂಬುವಾರೆಗೆ ಅನ್ಯಾಯ ಆಯಿತು ಅನ್ನುವುದರಲ್ಲಿ ನಾನೂ ನಿಮ್ಮ ಜೊತೆ. ಆದರೆ ಅಂಕ ನೋಡಿ.

ಮೊದಲ 19 ಪಂದ್ಯಗಳಲ್ಲಿ ಪಿಎಸ್‌ಜಿ 40 ಅಂಕ ಗಳಿಸಿತ್ತು. ಆಂಚೆಲೊಟ್ಟಿ ಬಂದ ಮೇಲಿನ 19 ಪಂದ್ಯಗಳಲ್ಲಿ 39. ಒಂದೇ ಅಂಕದ ವ್ಯತ್ಯಾಸ. ಕೋಚ್ ಬದಲಾಗಿ ತಂಡ ಕುಸಿದುಬಿತ್ತು ಅನ್ನುವ ಕತೆಗೆ ಅಂಕಪಟ್ಟಿಯಲ್ಲಿ ಆಧಾರ ಇಲ್ಲ. ಪಿಎಸ್‌ಜಿ ಇದ್ದ ಲಯದಲ್ಲೇ ಇತ್ತು.

ಬದಲಾಗಿದ್ದು ಮಾಂಪೆಲಿಯೆ. ಮೊದಲಾರ್ಧದಲ್ಲಿ 37 ಅಂಕ, ಎರಡನೇ ಅರ್ಧದಲ್ಲಿ 45. 19 ಪಂದ್ಯಗಳಲ್ಲಿ 45 ಅಂಕ ಅಂದರೆ ಎಷ್ಟು ಜಾಸ್ತಿ ಅಂತ ಯೋಚಿಸಿ. ಅದೇ ಲಯದಲ್ಲಿ ಇಡೀ ಸೀಸನ್ ಆಡಿದರೆ 90 ಆಗುತ್ತೆ. ಎದುರಿನವರು ಎಡವಲಿ ಅಂತ ಕಾದು ಕೂತ ತಂಡಕ್ಕೆ ಈ ಲೆಕ್ಕ ಸಿಗುವುದಿಲ್ಲ. ಯಾರಾದರೂ ಲೀಗ್ ಗೆಲ್ಲುವ ವೇಗ ಅದು.

ಇನ್ನೊಂದು ವಿಷಯ. ಸೆಪ್ಟೆಂಬರ್‌ನಲ್ಲಿ ಇದೇ ಪಿಎಸ್‌ಜಿ ಮಾಂಪೆಲಿಯೆಯ ಮೈದಾನಕ್ಕೆ ಬಂದು 3-0 ಗೆದ್ದಿತ್ತು. ಪಾಸ್ತೋರೆ ಎರಡು ಗೋಲು ಹೊಡೆದರು. ಅವತ್ತು ನೋಡಿದವರಿಗೆ ಎರಡು ತಂಡಗಳ ಮಧ್ಯೆ ದೊಡ್ಡ ಅಂತರ ಇದೆ ಅನಿಸಿದ್ದರೆ ತಪ್ಪಿಲ್ಲ. ಫೆಬ್ರವರಿ 19ರಂದು ಪ್ಯಾರಿಸ್‌ನಲ್ಲಿ ಮರುಪಂದ್ಯ. ಅಲೆಕ್ಸ್ ಗೋಲು ಹೊಡೆದು ಪಿಎಸ್‌ಜಿ ಮುಂದೆ. ಬೆಲಾಂಡಾ ಸಮ ಮಾಡಿದರು. ಉಟಾಕಾ ಗೋಲಿನಿಂದ ಮಾಂಪೆಲಿಯೆ 2-1. ಕೊನೆ ಹೊತ್ತಿನಲ್ಲಿ ಹೊವಾರೊ ಬಂದು 2-2 ಮಾಡಿ ಪಿಎಸ್‌ಜಿಯನ್ನು ಉಳಿಸಿದರು. ಐದು ತಿಂಗಳಲ್ಲಿ ಆ ತಂಡ ಎಷ್ಟು ಬೆಳೆದಿತ್ತು ಅನ್ನುವುದಕ್ಕೆ ಈ ಎರಡು ಸ್ಕೋರ್ ಸಾಕು.

ಎಡಗಾಲು_ವಿಂಗರ್

ಒಂದು ಅಂಶ ಯಾರೂ ಹೇಳಲಿಲ್ಲ. ಮಾಂಪೆಲಿಯೆಗೆ ಆ ವರ್ಷ ಯುರೋಪಿಯನ್ ಟೂರ್ನಿ ಇರಲಿಲ್ಲ. ಲೀಲ್, ಮಾರ್ಸೇ, ಲಿಯೋನ್ ಚಾಂಪಿಯನ್ಸ್ ಲೀಗ್ ಆಡುತ್ತಿದ್ದವು. ಪಿಎಸ್‌ಜಿ ಯುರೋಪಾ ಲೀಗ್‌ನಲ್ಲಿತ್ತು. ವಾರಕ್ಕೆ ಒಂದೇ ಪಂದ್ಯ ಆಡುವ ತಂಡಕ್ಕೆ ಕಾಲು ಫ್ರೆಶ್ ಇರುತ್ತೆ, ಅಲ್ವಾ? ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಮಧ್ಯರಾತ್ರಿ_ಪಂದ್ಯ

ತಗೊಳ್ಳಬೇಕು, ಸರಿ. ಆದರೆ ಪಿಎಸ್‌ಜಿ ಯುರೋಪಾ ಲೀಗ್‌ನಿಂದ ಡಿಸೆಂಬರ್‌ನಲ್ಲೇ ಹೊರಬಿತ್ತು. ಅವರ ಗುಂಪಿನಿಂದ ಮುಂದೆ ಹೋಗಿದ್ದು ಬಿಲ್ಬಾವೊ ಮತ್ತು ಸಾಲ್ಜ್‌ಬರ್ಗ್. ಲೀಲ್ ಕೂಡ ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಕೊನೆ ಸ್ಥಾನ. ಹಾಗಾಗಿ ಜನವರಿಯಿಂದ ಮೇವರೆಗೆ, ಪ್ರಶಸ್ತಿ ನಿರ್ಧಾರ ಆದ ತಿಂಗಳುಗಳಲ್ಲಿ, ಮೂವರಿಗೂ ಯುರೋಪಿನ ಹೊರೆ ಇರಲಿಲ್ಲ.

ಲಿಯೋನ್ ಮತ್ತು ಮಾರ್ಸೇ ಬಗ್ಗೆ ನಿಮ್ಮ ಮಾತು ನಿಜ. ಮಾರ್ಸೇ ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ವರೆಗೆ ಹೋಗಿ ಬಾಯರ್ನ್‌ಗೆ ಸೋತಿತು, ಲೀಗ್‌ನಲ್ಲಿ 10ನೇ ಸ್ಥಾನಕ್ಕೆ ಇಳಿಯಿತು.

ಉತ್ತರದ_ಗಾಳಿ

ಲೀಲ್ ಅಭಿಮಾನಿಯಾಗಿ ನನ್ನ ಪಾಲಿನ ಮಾತು.

ಆ ಪ್ರಶಸ್ತಿ ಯಾರಿಗೆ ಹೋಗಬೇಕು ಅಂತ ನಿರ್ಧರಿಸಿದ್ದು ಒಂದು ರೀತಿಯಲ್ಲಿ ನಾವೇ. ಏಪ್ರಿಲ್ 29ರಂದು ಲೀಲ್ ಪಿಎಸ್‌ಜಿಯನ್ನು 2-1ರಿಂದ ಸೋಲಿಸಿತು. ಅದಾಗಿ ಎರಡು ವಾರಕ್ಕೆ, ಮೇ 13ರಂದು, ಮಾಂಪೆಲಿಯೆಯ ಮೊಸ್ಸೋನ್ ಮೈದಾನದಲ್ಲಿ ನಮ್ಮ ಪಂದ್ಯ. ಅವತ್ತು ಅದೇ ಹೊತ್ತಿಗೆ ಪಿಎಸ್‌ಜಿ ತನ್ನ ಮೈದಾನದಲ್ಲಿ ರೆನ್ ವಿರುದ್ಧ 3-0 ಗೆಲ್ಲುತ್ತಿತ್ತು. ಇಲ್ಲಿ 90 ನಿಮಿಷ ಮುಗಿದರೂ 0-0.

ಆಮೇಲೆ ಆಗಿದ್ದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ. ಹೆಚ್ಚುವರಿ ಸಮಯದ ನಾಲ್ಕನೇ ನಿಮಿಷ. ಎಡಗಡೆ, ಗೋಲ್‌ಲೈನ್ ಹತ್ತಿರ, ಜಿರೂ ಹತ್ತಿರ ಚೆಂಡು. ಎಲ್ಲರೂ ಸುಸ್ತಾಗಿದ್ದಾರೆ. ನಮ್ಮ ಡಿಫೆಂಡರ್‌ಗಳು ಮೈಮೇಲೆ ಬಿದ್ದರೂ ಅವರು ಚೆಂಡು ಬಿಡಲಿಲ್ಲ. ಮೈ ಅಡ್ಡ ಕೊಟ್ಟು ತಿರುಗಿ ಬಾಕ್ಸ್ ಒಳಗೆ ನುಗ್ಗಿದರು. ಅಷ್ಟು ಎತ್ತರದ ಆಟಗಾರನಿಂದ ಅಂಥ ಕಾಲ್ಚಳಕ ಯಾರೂ ನಿರೀಕ್ಷಿಸಿರಲಿಲ್ಲ. ತಾವೇ ಹೊಡೆಯಬಹುದಿತ್ತು. ಹೊಡೆಯದೆ ಮಧ್ಯಕ್ಕೆ ಪಾಸ್ ಕೊಟ್ಟರು. ಅಲ್ಲಿ ಕರೀಂ ಅಯ್ತ್-ಫಾನಾ. 1-0.

ಆ ಗೋಲು ಬರದಿದ್ದರೆ ಕೊನೆ ದಿನಕ್ಕೆ ಮಾಂಪೆಲಿಯೆ 77, ಪಿಎಸ್‌ಜಿ 76. ಗೋಲು ಬಂದಿದ್ದರಿಂದ 79-76. ಇಡೀ ಸೀಸನ್‌ನಲ್ಲಿ ಅತಿ ದೊಡ್ಡ ಗೋಲು ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ. ನಮ್ಮ ತಂಡಕ್ಕೆ ಬಿದ್ದ ಗೋಲಾದರೂ ಇದನ್ನೇ ಹೇಳುತ್ತೇನೆ.

ಮತ್ತೆ ದಯವಿಟ್ಟು ನಮ್ಮ ಲೀಲ್‌ನ ಈಡನ್ ಹಜಾರ್ಡ್‌ನನ್ನು ಮರೆಯಬೇಡಿ. 20 ಗೋಲು, ಸತತ ಎರಡನೇ ವರ್ಷ ಲೀಗ್‌ನ ಶ್ರೇಷ್ಠ ಆಟಗಾರ, ಕೊನೆಯ ಪಂದ್ಯದಲ್ಲಿ ನಾನ್ಸಿ ವಿರುದ್ಧ ಹ್ಯಾಟ್ರಿಕ್. ಆಮೇಲೆ ಚೆಲ್ಸಿಗೆ ಹೋದ. ಚಾಂಪಿಯನ್ ತಂಡದಲ್ಲಿ ಇಲ್ಲದಿದ್ದರೂ ಆ ಸೀಸನ್‌ನ ಅತ್ಯುತ್ತಮ ಆಟಗಾರ ಅವನೇ.

ಹೊಸಬ_ನೋಡುಗ

ಒಂದು ಸಣ್ಣ ಪ್ರಶ್ನೆ. ಜಿರೂ 21 ಗೋಲು, ಪಿಎಸ್‌ಜಿಯ ನೆನೇ ಕೂಡ 21 ಗೋಲು. ಮತ್ತೆ ಎಲ್ಲ ಕಡೆ ಜಿರೂ ಒಬ್ಬರ ಹೆಸರೇ ಯಾಕೆ ಬರುತ್ತೆ?

ಉತ್ತರದ_ಗಾಳಿ

ಸಮ ಬಂದರೆ ಪೆನಾಲ್ಟಿ ಬಿಟ್ಟು ಎಷ್ಟು ಗೋಲು ಅಂತ ನೋಡುತ್ತಾರೆ. ನೆನೇ ಪೆನಾಲ್ಟಿಯಿಂದ ತುಂಬ ಗೋಲು ಹೊಡೆದಿದ್ದರು. ಜಿರೂ ಆಟದ ನಡುವೆ ಹೊಡೆದಿದ್ದೇ ಜಾಸ್ತಿ. ಹಾಗಾಗಿ ಅತಿ ಹೆಚ್ಚು ಗೋಲು ಹೊಡೆದವರ ಪ್ರಶಸ್ತಿ ಜಿರೂಗೆ.

ಪಾರ್ಕ್_ದೆ_ಪ್ರಾನ್ಸ್

ಕೊನೆಯ ರಾತ್ರಿ ಬಗ್ಗೆ ಯಾರಾದರೂ ವಿವರವಾಗಿ ಬರೆಯಿರಿ. ನಾನು ಬರೆದರೆ ಬೇಜಾರು ಮಾತ್ರ ಬರುತ್ತೆ.

ಟ್ರಾಮ್_ಒಂದು

ನಾನು ಬರೆಯುತ್ತೇನೆ. ಕೆಲಸದ ಕಾರಣಕ್ಕೆ ಕೆಲವು ವರ್ಷ ದಕ್ಷಿಣ ಫ್ರಾನ್ಸ್‌ನಲ್ಲಿದ್ದೆ. ಆ ಕ್ಲಬ್ ಮೇಲೆ ಅಲ್ಲೇ ಪ್ರೀತಿ ಹುಟ್ಟಿದ್ದು.

2012ರ ಮೇ 20, ಭಾನುವಾರ. ಎಲ್ಲ ಪಂದ್ಯಗಳೂ ಒಂದೇ ಹೊತ್ತಿಗೆ, ಅಲ್ಲಿಯ ರಾತ್ರಿ 9ಕ್ಕೆ, ಅಂದರೆ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ಹನ್ನೆರಡೂವರೆ. ಮಾಂಪೆಲಿಯೆಗೆ ಓಸೆರ್‌ನಲ್ಲಿ ಪಂದ್ಯ. ಪಿಎಸ್‌ಜಿಗೆ ಲೊರಿಯಾಂನಲ್ಲಿ. ಇಬ್ಬರ ಗೋಲು ವ್ಯತ್ಯಾಸವೂ (ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟಿದ್ದನ್ನು ಕಳೆದರೆ ಬರುವ ಲೆಕ್ಕ) ಆ ದಿನಕ್ಕೆ ಸರಿಸಮ, ಪ್ಲಸ್ 33. ಮಾಂಪೆಲಿಯೆಗೆ ಡ್ರಾ ಸಾಕು. ಆದರೆ ಸೋತರೆ, ಅತ್ತ ಪಿಎಸ್‌ಜಿ ಗೆದ್ದರೆ, ಅಂಕ ಸಮ ಆಗಿ ಗೋಲು ವ್ಯತ್ಯಾಸದ ಮೇಲೆ ಪ್ರಶಸ್ತಿ ಪ್ಯಾರಿಸ್‌ಗೆ. ಒಂದು ಗೋಲಿನಿಂದ ಸೋತರೂ ಸಾಕಿತ್ತು.

ಓಸೆರ್ ಆಗಲೇ ಕೆಳಗಿನ ಡಿವಿಷನ್‌ಗೆ ಇಳಿದಾಗಿತ್ತು. 32 ವರ್ಷ ಮೇಲಿನ ಡಿವಿಷನ್‌ನಲ್ಲಿ ಉಳಿದಿದ್ದ ಸಣ್ಣ ಊರಿನ ಕ್ಲಬ್ ಅದು. ಗೀ ರೂ ಅನ್ನುವ ಕೋಚ್ ದಶಕಗಳ ಕಾಲ ಕಟ್ಟಿದ ಕ್ಲಬ್. 1996ರಲ್ಲಿ ಲೀಗ್ ಗೆದ್ದಿದ್ದ ಕ್ಲಬ್. ಅಭಿಮಾನಿಗಳಿಗೆ ತಮ್ಮ ಆಡಳಿತದ ಮೇಲೆ ವಿಪರೀತ ಸಿಟ್ಟು. ಅಂಥ ಕಡೆ ಹೋಗಿ ಮಾಂಪೆಲಿಯೆ ಚಾಂಪಿಯನ್ ಆಗಬೇಕಿತ್ತು.

20ನೇ ನಿಮಿಷಕ್ಕೆ ಒಲಿವಿಯೆ ಕಾಪೊ ಓಸೆರ್‌ಗೆ ಗೋಲು ಹೊಡೆದರು. ಎದೆ ಝಲ್ ಅಂದಿತು. 32ಕ್ಕೆ ಜಾನ್ ಉಟಾಕಾ ಸಮ ಮಾಡಿದರು. ಉಸಿರು ಬಂತು. ಆಮೇಲೆ ಶುರುವಾಯಿತು ಗಲಾಟೆ. ಗ್ಯಾಲರಿಯಿಂದ ಟಾಯ್ಲೆಟ್ ಪೇಪರ್ ಸುರುಳಿ, ಟೆನಿಸ್ ಬಾಲ್, ಮೊಟ್ಟೆ ಎಲ್ಲ ಮೈದಾನಕ್ಕೆ ಬಿದ್ದವು. ಒಂದಕ್ಕಿಂತ ಹೆಚ್ಚು ಸಲ ಪಂದ್ಯ ನಿಂತಿತು. ಆಟಗಾರರು ಒಳಗೆ ಹೋದರು, ಹೊರಗೆ ಬಂದರು. ಅತ್ತ ಲೊರಿಯಾಂನಲ್ಲಿ ಹಿಂದೆ ಬಿದ್ದಿದ್ದ ಪಿಎಸ್‌ಜಿ, ಪಾಸ್ತೋರೆ ಮತ್ತು ಮೊಟ್ಟಾ ಗೋಲಿನಿಂದ 2-1 ಗೆದ್ದು ಪಂದ್ಯ ಮುಗಿಸಿ ಕಾಯುತ್ತಿದೆ. ಇಲ್ಲಿ ಇನ್ನೂ ಆಟ ನಡೆಯುತ್ತಿದೆ. ಓಸೆರ್ ಇನ್ನೊಂದು ಗೋಲು ಹೊಡೆದರೆ ವರ್ಷದ ದುಡಿಮೆಯೆಲ್ಲ ಹೋಯಿತು.

76ನೇ ನಿಮಿಷಕ್ಕೆ ಉಟಾಕಾ ಮತ್ತೊಂದು ಗೋಲು. 2-1. ಜಿರೂ, ಬೆಲಾಂಡಾ ಹೆಸರೇ ಎಲ್ಲರ ಬಾಯಲ್ಲಿದ್ದ ಸೀಸನ್‌ನಲ್ಲಿ, ಕೊನೆಯ ದಿನ ಕೈಹಿಡಿದಿದ್ದು ಪೋರ್ಟ್ಸ್‌ಮತ್‌ನಿಂದ ಬಂದಿದ್ದ ನೈಜೀರಿಯಾದ ಆಟಗಾರ. ನಿಂತು ನಿಂತು ಆಡುವ ಪಂದ್ಯದಲ್ಲಿ ಮನಸ್ಸು ಹಿಡಿತದಲ್ಲಿಟ್ಟುಕೊಳ್ಳುವುದು ಎಷ್ಟು ಕಷ್ಟ ಅಂತ ಆಡಿದವರಿಗೆ ಗೊತ್ತು. ಅದೃಷ್ಟ ಅನ್ನುವವರು ಆ ಪಂದ್ಯವನ್ನು ಪೂರ್ತಿ ನೋಡಬೇಕು.

ಬರ್ಗಂಡಿ_ಹಳಬ

ಓಸೆರ್ ಪರವಾಗಿ ಎರಡು ಮಾತು. ಮೊಟ್ಟೆ ಎಸೆದಿದ್ದು ತಪ್ಪು. ಆದರೆ ಆ ಊರಿನ ಜನಸಂಖ್ಯೆ ಮೈದಾನದ ಸೀಟಿಗಿಂತ ದುಪ್ಪಟ್ಟೂ ಇಲ್ಲ ಅನ್ನುವಷ್ಟು ಸಣ್ಣ ಊರು. ಎರಿಕ್ ಕ್ಯಾಂಟೊನಾ, ಬಸೀಲ್ ಬೋಲಿ, ಜಿಬ್ರಿಲ್ ಸಿಸ್ಸೆ ಅಲ್ಲಿ ಬೆಳೆದವರು. 2010ರಲ್ಲಿ ಲೀಗ್‌ನಲ್ಲಿ ಮೂರನೇ ಸ್ಥಾನ, ಆಮೇಲೆ ಚಾಂಪಿಯನ್ಸ್ ಲೀಗ್. ಎರಡೇ ವರ್ಷಕ್ಕೆ ಕೊನೇ ಸ್ಥಾನ. ಆ ನೋವು ಹಬ್ಬ ಮಾಡುವವರ ಕಣ್ಣಿಗೆ ಕಾಣುವುದಿಲ್ಲ. ಮತ್ತೆ ಮೇಲೆ ಬರುವುದಕ್ಕೆ 2022ರವರೆಗೆ ಕಾಯಬೇಕಾಯಿತು.

ಎಡಗಾಲು_ವಿಂಗರ್

ಮಾಂಪೆಲಿಯೆ ತಂಡ ಹೇಗೆ ಕಟ್ಟಿದ್ದು ಅಂತ ಯಾರಾದರೂ ಹೇಳಿ. ಜಿರೂ ಬಿಟ್ಟರೆ ಉಳಿದವರು ಯಾರು?

ಟ್ರಾಮ್_ಒಂದು

ನನಗೆ ತುಂಬ ಇಷ್ಟವಾದ ಭಾಗ ಇದೇ.

2009ರಲ್ಲಿ ಮಾಂಪೆಲಿಯೆಯ ಹುಡುಗರು ಗಂಬಾರ್ಡೆಲ್ಲಾ ಕಪ್ ಗೆದ್ದರು. ಫ್ರಾನ್ಸ್‌ನ ಯುವ ತಂಡಗಳ ಕಪ್ ಅದು. ಯೂನೆಸ್ ಬೆಲಾಂಡಾ, ರೆಮಿ ಕಬೆಲ್ಲಾ, ಬೆಂಜಮಿನ್ ಸ್ಟಾಂಬೂಲಿ, ಎಲ್ ಕೌತಾರಿ ಆ ತಂಡದಲ್ಲಿದ್ದವರು. ಮೂರು ವರ್ಷಕ್ಕೆ ಇವರೇ ಫ್ರಾನ್ಸ್‌ನ ಚಾಂಪಿಯನ್‌ಗಳು. ನಾಯಕ ಮಾಪೂ ಯಾಂಗಾ-ಎಂಬಿವಾ, ಗೋಲ್‌ಕೀಪರ್ ಜೂರ್‌ಡ್ರೆನ್, ಮಿಡ್‌ಫೀಲ್ಡ್‌ನ ಸೈಹಿ, ಲೀಲ್ ವಿರುದ್ಧ ಗೋಲು ಹೊಡೆದ ಅಯ್ತ್-ಫಾನಾ, ಇವರೂ ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದವರು. ಬೆಲಾಂಡಾ ಆ ವರ್ಷ 12 ಗೋಲು ಹೊಡೆದು ಲೀಗ್‌ನ ಶ್ರೇಷ್ಠ ಯುವ ಆಟಗಾರ ಆದರು.

ಈ ಹುಡುಗರ ಪಕ್ಕದಲ್ಲಿ ಅನುಭವ ಬೇಕಿತ್ತು. 2011ರ ಬೇಸಿಗೆಯಲ್ಲಿ ಮಾರ್ಸೇಯಿಂದ ವಿಟೊರಿನೊ ಹಿಲ್ಟನ್ ಬಂದರು. ಬ್ರೆಜಿಲ್‌ನ ಸೆಂಟರ್ ಬ್ಯಾಕ್, ವಯಸ್ಸು 34ರ ಹತ್ತಿರ. ಇವರ ಕಾಲ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಲಾನ್ಸ್‌ನಿಂದ ಲೆಫ್ಟ್ ಬ್ಯಾಕ್ ಬೆಡಿಮೊ ಬಂದರು. 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು 34 ಗೋಲು ಮಾತ್ರ, ಪಿಎಸ್‌ಜಿ 41. ಜಿರೂ ಗೋಲುಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಪ್ರಕಾರ ಪ್ರಶಸ್ತಿ ತಂದಿದ್ದು ಹಿಲ್ಟನ್ ಮತ್ತು ಯಾಂಗಾ-ಎಂಬಿವಾ ಜೋಡಿ.

ಕೋಚ್ ರೆನೆ ಜಿರಾರ್. 80ರ ದಶಕದಲ್ಲಿ ಬೋರ್ಡೋ ತಂಡದ ಗಟ್ಟಿ ಮಿಡ್‌ಫೀಲ್ಡರ್, 1982ರ ವಿಶ್ವಕಪ್‌ನಲ್ಲಿ ಫ್ರಾನ್ಸ್‌ಗೆ ಆಡಿದವರು. ಮಾಂಪೆಲಿಯೆಗೆ ಬರುವ ಮುಂಚೆ ಫ್ರಾನ್ಸ್‌ನ ಯುವ ತಂಡಗಳಿಗೆ ಕೋಚ್ ಆಗಿದ್ದರು. ಹಾಗಾಗಿ 20-21 ವಯಸ್ಸಿನ ಹುಡುಗರಿಂದ ಏನು ಕೇಳಬಹುದು, ಎಷ್ಟು ಕೇಳಬಹುದು ಅನ್ನುವುದು ಅವರಿಗೆ ಗೊತ್ತಿತ್ತು. ಆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಅವರಿಗೇ ಬಂತು.

ಹೊಸಬ_ನೋಡುಗ

ಕ್ಲಬ್ ಅಧ್ಯಕ್ಷರು ತಲೆಗೂದಲಿಗೆ ಬಣ್ಣ ಹಾಕಿಸಿಕೊಂಡಿದ್ದ ಫೋಟೊ ನೋಡಿದ್ದೆ. ಅದು ಇದೇ ವರ್ಷವಾ?

ಟ್ರಾಮ್_ಒಂದು

ಹೌದು, ಇದೇ ವರ್ಷ. ಲೂಯಿ ನಿಕೊಲಾಂ. ಜನ ಪ್ರೀತಿಯಿಂದ ಲುಲು ಅನ್ನುತ್ತಿದ್ದರು. ಗೆದ್ದ ಮೇಲೆ ಮೋಹಾಕ್ ಕಟಿಂಗ್ ಮಾಡಿಸಿಕೊಂಡು ಕ್ಲಬ್ ಬಣ್ಣ, ಕಿತ್ತಳೆ-ನೀಲಿ, ಹಚ್ಚಿಕೊಂಡರು. ಆಗ ಅವರಿಗೆ 68 ವಯಸ್ಸು.

ಕಸ ವಿಲೇವಾರಿ ಉದ್ಯಮ ಅವರದು. ಊರುಗಳ ಕಸ ಎತ್ತುವ ಕಂಪನಿ ನಡೆಸಿ ದುಡಿದ ದುಡ್ಡನ್ನು 1974ರಿಂದ ಈ ಕ್ಲಬ್‌ಗೆ ಹಾಕಿದವರು. ಕೆಳಗಿನ ಹಂತದಿಂದ ಮೇಲೆ ತಂದರು. 1990ರಲ್ಲಿ ಫ್ರೆಂಚ್ ಕಪ್ ಗೆದ್ದಾಗ ತಂಡದಲ್ಲಿ ಕ್ಯಾಂಟೊನಾ, ಲೊರಾಂ ಬ್ಲಾಂ, ವಾಲ್ಡೆರಾಮಾ ಇದ್ದರು. 2004ರಲ್ಲಿ ಕ್ಲಬ್ ಎರಡನೇ ಡಿವಿಷನ್‌ಗೆ ಇಳಿದಾಗಲೂ ಬಿಟ್ಟು ಹೋಗಲಿಲ್ಲ. ಮಾತು ತೀರಾ ಒರಟು, ಕೆಲವು ಸಲ ಅವರ ಮಾತಿಗೆ ಶಿಕ್ಷೆಯೂ ಆಗಿತ್ತು. ಆ ಮಾತುಗಳನ್ನೆಲ್ಲ ನಾನು ಸಮರ್ಥಿಸುವುದಿಲ್ಲ. ಆದರೆ 38 ವರ್ಷ ಕಾದು ಲೀಗ್ ಗೆದ್ದ ಮನುಷ್ಯನ ಸಂತೋಷ ನೋಡಿ ಖುಷಿಪಡದೆ ಇರುವುದು ಹೇಗೆ?

ಮೊಸ್ಸೋನ್ ಮೈದಾನ ಇರುವುದು ಲಾ ಪಯಾದ್ ಅನ್ನುವ ಬಡಾವಣೆಯಲ್ಲಿ. ಒಂದನೇ ನಂಬರ್ ಟ್ರಾಮ್ ಹತ್ತಿ ಪಶ್ಚಿಮದ ಕೊನೆ ಸ್ಟಾಪ್ ಕಡೆ ಹೋಗಬೇಕು. ಎತ್ತರದ ಫ್ಲಾಟ್‌ಗಳು, ದುಡಿಯುವ ಜನ, ಉತ್ತರ ಆಫ್ರಿಕಾದಿಂದ ಬಂದ ಎಷ್ಟೋ ಕುಟುಂಬಗಳು. ತಂಡವನ್ನು ಜನ ಕರೆಯುವುದೂ ಆ ಬಡಾವಣೆಯ ಹೆಸರಿನಿಂದಲೇ.

ಪಾರ್ಕ್_ದೆ_ಪ್ರಾನ್ಸ್

ಚೆನ್ನಾಗಿ ಬರೆದಿದ್ದೀರಿ. ಆದರೂ ನನ್ನ ವಾದ ಬಿಡುವುದಿಲ್ಲ. ಮಾಂಪೆಲಿಯೆ ಎರಡನೇ ಅರ್ಧದಲ್ಲಿ 45 ಅಂಕ ಗಳಿಸಿದ್ದು ಸರಿ. ಅದೇ ಹೊತ್ತಿಗೆ ಪಿಎಸ್‌ಜಿಗೆ ಮೊಟ್ಟಾ, ಅಲೆಕ್ಸ್, ಮ್ಯಾಕ್ಸ್‌ವೆಲ್ ಸೇರಿದ್ದರು. ಹಾಗಿದ್ದರೆ ಅಂಕ ಏರಬೇಕಿತ್ತು. ಏರಲಿಲ್ಲ. ಮೊದಲಾರ್ಧಕ್ಕಿಂತ ಒಳ್ಳೆ ತಂಡ ಇಟ್ಟುಕೊಂಡು ಅಷ್ಟೇ ಅಂಕ ಗಳಿಸಿದರೆ ಅದೂ ಹಿನ್ನಡೆಯೇ. ಮಾರ್ಚ್ ಕೊನೆಯಲ್ಲಿ ನಾನ್ಸಿಯಲ್ಲಿ ಸೋತಿದ್ದನ್ನು ಹೇಗೆ ವಿವರಿಸುತ್ತೀರಿ?

ಇನ್ನೊಂದು ಮಾತು. ಮಾಂಪೆಲಿಯೆ ಮುಂದಿನ ವರ್ಷ 9ನೇ ಸ್ಥಾನಕ್ಕೆ ಬಂತು. ಚಾಂಪಿಯನ್ಸ್ ಲೀಗ್‌ನಲ್ಲಿ ಶಾಲ್ಕೆ, ಆರ್ಸೆನಲ್, ಒಲಿಂಪಿಯಾಕೊಸ್ ಇದ್ದ ಗುಂಪಿನಲ್ಲಿ ಒಂದೂ ಪಂದ್ಯ ಗೆಲ್ಲಲಿಲ್ಲ. ನಿಜವಾಗಿ ಬಲವಾದ ತಂಡ ಆಗಿದ್ದರೆ ಅಷ್ಟು ಬೇಗ ಇಳಿಯುತ್ತಿತ್ತಾ?

ಮಧ್ಯರಾತ್ರಿ_ಪಂದ್ಯ

ಮುಂದಿನ ವರ್ಷ ಜಿರೂ ಇರಲಿಲ್ಲ. ಆರ್ಸೆನಲ್‌ಗೆ ಹೋಗಿದ್ದರು. ಜನವರಿಯಲ್ಲಿ ನಾಯಕ ಯಾಂಗಾ-ಎಂಬಿವಾ ನ್ಯೂಕ್ಯಾಸಲ್‌ಗೆ. 2013ರ ಬೇಸಿಗೆಯಲ್ಲಿ ಬೆಲಾಂಡಾ ಡೈನಮೊ ಕೀವ್‌ಗೆ, ಜಿರಾರ್ ಕೂಡ ಹೊರಗೆ. ದುಡ್ಡಿಲ್ಲದ ಕ್ಲಬ್ ಗೆದ್ದರೆ ಹೀಗೇ ಆಗುತ್ತೆ. ಸಂತೆ ಮುಗಿಯುವ ಮುಂಚೆ ಒಳ್ಳೆ ಮಾಲು ಖಾಲಿ. ಅದನ್ನು ಹಿಡಿದು 2012ರ ತಂಡ ದುರ್ಬಲ ಅನ್ನುವುದು ನ್ಯಾಯವಲ್ಲ. ಆ ತಂಡದ ಸ್ಟ್ರೈಕರ್ 2018ರಲ್ಲಿ ವಿಶ್ವಕಪ್ ಗೆದ್ದರು, ಫ್ರಾನ್ಸ್‌ಗೆ ಅತಿ ಹೆಚ್ಚು ಗೋಲು ಹೊಡೆದವರಾದರು. ಕಾಲ ಮುಗಿಯಿತು ಅಂದುಕೊಂಡಿದ್ದ ಹಿಲ್ಟನ್ 43ರ ವಯಸ್ಸಿನವರೆಗೆ ಅದೇ ಕ್ಲಬ್‌ಗೆ ಆಡಿದರು, 2021ರವರೆಗೆ. ಸುಮ್ನೆ ಗಾಳಿಯಲ್ಲಿ ಬಂದ ಪ್ರಶಸ್ತಿ ಅಲ್ಲ ಅದು.

ನಾನ್ಸಿ ಸೋಲಿನ ಬಗ್ಗೆ: ಮಾಂಪೆಲಿಯೆಯೂ ಆ ಸೀಸನ್‌ನಲ್ಲಿ 6 ಪಂದ್ಯ ಸೋತಿತು, ಪಿಎಸ್‌ಜಿ ಸೋತಿದ್ದು 5. ಸೋಲು ನಿಮಗಿಂತ ಒಂದು ಜಾಸ್ತಿ. ವ್ಯತ್ಯಾಸ ಡ್ರಾಗಳಲ್ಲಿದೆ. ಪಿಎಸ್‌ಜಿ 10 ಡ್ರಾ, ಮಾಂಪೆಲಿಯೆ 7. ಗೆಲುವು 25, ನಿಮ್ಮದು 23. ಬಿಗಿಯಾದ ಪಂದ್ಯಗಳನ್ನು ಗೆಲುವಿಗೆ ತಿರುಗಿಸುವ ಅಭ್ಯಾಸ ಯಾರಿಗೆ ಜಾಸ್ತಿ ಇತ್ತು ಅಂತ ನೀವೇ ಹೇಳಿ. ಲೀಲ್ ವಿರುದ್ಧ 94ನೇ ನಿಮಿಷ, ಓಸೆರ್‌ನಲ್ಲಿ 76ನೇ ನಿಮಿಷ.

ಪಾರ್ಕ್_ದೆ_ಪ್ರಾನ್ಸ್

ಡ್ರಾ ಲೆಕ್ಕ ಒಪ್ಪುವಂಥದ್ದು. ಆ 10ರಲ್ಲಿ ಆಂಚೆಲೊಟ್ಟಿ ಕಾಲದ್ದು ಎಷ್ಟು, ಕೊಂಬುವಾರೆ ಕಾಲದ್ದು ಎಷ್ಟು ಅಂತ ನಾಳೆ ಕೂತು ಪಂದ್ಯವಾರು ತೆಗೆದು ಹಾಕುತ್ತೇನೆ. ಅಲ್ಲಿಂದ ಮುಂದುವರಿಸೋಣ.

ಉತ್ತರದ_ಗಾಳಿ

ಹಾಕಿ. ಲೀಲ್‌ನದ್ದು 11 ಡ್ರಾ. ಸೋಲು ಮಾಂಪೆಲಿಯೆಯಷ್ಟೇ, 6. ನಮ್ಮದನ್ನೂ ಪಕ್ಕದಲ್ಲಿಟ್ಟು ನೋಡಿ. ಯಾವ ಪಂದ್ಯಗಳಲ್ಲಿ ಕಳೆದುಕೊಂಡೆವು ಅಂತ ನನಗೂ ತಿಳಿಯಬೇಕು.